ಆರೋಗ್ಯಮಾತೆಯ ಊರಿನಲ್ಲಿ ಚೆಂಡು

ಗೋವೆಯ ಸಾಂಕೋಲೆಯ ಹಳೆಯ ಇಗರ್ಜಿಯಲ್ಲಿ ಈಗ ಉಳಿದಿರುವುದು ಮುಂಗೋಡೆಯೊಂದೇ. ಬಾಗಿಲಿದೆ, ಹೊಕ್ಕರೆ ಒಳಗೆಂಬುದಿಲ್ಲ. 1834ರ ಬೆಂಕಿ ಮಿಕ್ಕಿದ್ದನ್ನೆಲ್ಲ ನುಂಗಿತು. ಆ ಇಗರ್ಜಿ ಆರೋಗ್ಯಮಾತೆಯದು. ಅದಕ್ಕೂ ಮುಂಚಿನ ಗ್ರಾಮದೈವ ಲಕ್ಷ್ಮೀನರಸಿಂಹ, ಪೋರ್ಚುಗೀಸರ ಕಾಲದಲ್ಲಿ ಜುವಾರಿ ನದಿ ದಾಟಿ ವೆಲಿಂಗಕ್ಕೆ ಹೋದ. ದೈವ ಯಾವುದಾದರೂ, ಹರಕೆ ಹೊತ್ತವರು ಮೊರೆಯಿಡುತ್ತಿದ್ದದ್ದು ಊರ ನಡುವೆಯೇ. ಮನಸ್ಸು ಕೆಟ್ಟವರನ್ನು ಊರಾಚೆಗೆ ಸಾಗಿಸಿ ಗೋಡೆಯೊಳಗಿಡುವ ಪದ್ಧತಿ ಬಂದದ್ದು ಆಮೇಲೆ. ಪಣಜಿಯ ಆಲ್ತಿನೋ ಗುಡ್ಡದ ಮಾನಸಿಕ ಆಸ್ಪತ್ರೆಗೆ ಅಬೆ ಫಾರಿಯಾನ ಹೆಸರಿಟ್ಟರು. 1756ರಲ್ಲಿ ಗೋವೆಯಲ್ಲಿ ಹುಟ್ಟಿದ ಈ ಪಾದ್ರಿ, ಸಂಮೋಹನದ ಗುಟ್ಟು ಸಂಮೋಹಕನ ಕೈಯಲ್ಲಿಲ್ಲ, ನಿದ್ರೆಗೆ ಜಾರುವವನ ಮನಸ್ಸಿನಲ್ಲೇ ಇದೆ ಎಂದು ಪ್ಯಾರಿಸ್ಸಿನಲ್ಲಿ ವಾದಿಸಿದ್ದ. ಅಂಥವನ ಹೆಸರು ಗೋಡೆಯೊಳಗಿನ ಆಸ್ಪತ್ರೆಗೆ ಬಂದದ್ದು ಒಂದು ತಮಾಷೆಯೇ.

ಫುಟ್ಬಾಲ್ ಆಡಿದರೆ ಖಿನ್ನತೆ ತಗ್ಗುತ್ತದೆ ಎನ್ನುವವರು ಸಾಮಾನ್ಯವಾಗಿ ಓಟ, ಬೆವರು, ನಿದ್ದೆಯ ಲೆಕ್ಕ ಕೊಡುತ್ತಾರೆ. ಆ ಲೆಕ್ಕ ಸುಳ್ಳಲ್ಲ, ಆದರೆ ಸಾಲದು. ಮೈದಾನ ಯಾರದು, ಊರಿನದೋ ಗೋಡೆಯೊಳಗಿನದೋ ಎಂಬುದೇ ಇಲ್ಲಿ ಮುಖ್ಯ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹುಚ್ಚಾಸ್ಪತ್ರೆಗಳಲ್ಲೂ ಆಟದ ಬಯಲುಗಳಿದ್ದವು. ಚೆನ್ನಾಗಿ ಕ್ರಿಕೆಟ್ ಆಡಬಲ್ಲವನಿಗೆ ಅಲ್ಲಿ ಪರಿಚಾರಕನ ಕೆಲಸ ಸಿಗುವುದು ಸುಲಭವಿತ್ತು. ಆಟ ಮುಗಿದ ಮೇಲೆ ರೋಗಿ ಮತ್ತೆ ಬೀಗದೊಳಗೆ. ಇಟಲಿ 1978ರ ಕಾನೂನಿನಿಂದ ತನ್ನ ಹುಚ್ಚಾಸ್ಪತ್ರೆಗಳ ಬೀಗಗಳನ್ನೇ ತೆಗೆಯಲು ಹೊರಟಿತು. 2016ರಲ್ಲಿ ಜಪಾನಿನ ಒಸಾಕಾದಲ್ಲಿ ಮಾನಸಿಕ ಕಾಯಿಲೆಯುಳ್ಳವರ ಫುಟ್ಬಾಲ್ ವಿಶ್ವಕಪ್ ನಡೆದಾಗ ಅದೇ ಇಟಲಿಯ ತಂಡ ದೇಶದ ಅಂಗಿ ತೊಟ್ಟು ಅಂಕಣಕ್ಕಿಳಿಯಿತು.

ಗೋವೆಗೆ ಫುಟ್ಬಾಲ್ ಆಟ ತಂದವನು ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ, 1883ರಲ್ಲಿ, ಶಿವೋಲಿಗೆ. ಶಾಲೆ, ಇಗರ್ಜಿಗಳಿಂದ ಹೊರಟ ಚೆಂಡು ಬೇಗನೆ ಗದ್ದೆಗಿಳಿಯಿತು. ಭತ್ತ ಕೊಯ್ದ ಮೇಲೆ ಕೂಳೆ ಬರಿಗಾಲಿಗೆ ಚುಚ್ಚುತ್ತಿದ್ದರೂ ಆಟ ನಿಲ್ಲದು. ಊರ ಹಬ್ಬವೆಂದರೆ ಪಂದ್ಯವೂ ಇರಲೇಬೇಕು. ಇದರ ಪಕ್ಕದಲ್ಲಿ ಇನ್ನೊಂದು ಚರಿತ್ರೆ ಇಡಬೇಕು. 1996ರಲ್ಲಿ ಗೋವೆಯಲ್ಲಿ ಹುಟ್ಟಿದ ಸಂಗಾತ್ ಸಂಸ್ಥೆ, ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ಆಪ್ತಸಲಹೆಗೆ ಕೂರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗೆ ಅವರು ಕೊಟ್ಟ ಚಿಕಿತ್ಸೆಯ ತಿರುಳು ಸರಳ: ರೋಗಿ ಕೈಬಿಟ್ಟಿದ್ದ ಕೆಲಸ, ಒಡನಾಟಗಳಿಗೆ ಅವನನ್ನು ಹಂತಹಂತವಾಗಿ ಮರಳಿಸುವುದು. ಅದು ಫಲಿಸುತ್ತದೆಂಬ ವರದಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗೋವೆಯ ಹುಡುಗನೊಬ್ಬ ಖಿನ್ನತೆಯಲ್ಲಿ ಮೊದಲು ಕೈಬಿಡುವುದು ಸಂಜೆಯ ಆಟವನ್ನೇ ಆದರೆ, ಅವನ ಚಿಕಿತ್ಸೆ ಗದ್ದೆಯ ಬದುವಿನಿಂದಲೇ ಶುರುವಾಗಬಹುದು.

ಆಟದಲ್ಲಿ ಸೋಲೂ ಹೀಯಾಳಿಕೆಯೂ ಇರುತ್ತವೆ, ನೊಂದವನನ್ನು ಅವು ಇನ್ನಷ್ಟು ಕುಗ್ಗಿಸಬಹುದು ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗೆಂದೇ ಚೆಂಡು ಮಾತ್ರೆಗೆ ಬದಲಿಯಲ್ಲ, ಲೀಗ್ ಪಂದ್ಯ ಚಿಕಿತ್ಸೆಯೂ ಅಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಊರಿನವರಲ್ಲದವರ ಪಾಡೇನು? ಸಾಂಕೋಲೆಯದೇ ಭಾಗವಾದ ಜುವಾರಿನಗರದಲ್ಲಿ ಗೊಬ್ಬರದ ಕಾರ್ಖಾನೆ ಎದ್ದ ಮೇಲೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಬಹಳ. ಇಗರ್ಜಿಯ ಹಬ್ಬ ಅವರದಲ್ಲ, ಗದ್ದೆಯೂ ಅವರದಲ್ಲ. ಆದರೆ ಊರೆಂಬುದು ಹುಟ್ಟಿದ ನೆಲಕ್ಕಷ್ಟೇ ಅಂಟಿಕೊಂಡದ್ದಲ್ಲ. ಭಾರತ ತಂಡದ ನಾಯಕನಾಗಿದ್ದ ಗೋಲ್‌ಕೀಪರ್ ಬ್ರಹ್ಮಾನಂದ ಸಂಖ್ವಾಳಕರ್ ಹುಟ್ಟಿದ್ದು ತಾಳಗಾವಿನಲ್ಲಿ; ಅಡ್ಡಹೆಸರಲ್ಲಿ ಮಾತ್ರ ಸಾಂಕೋಲೆ ಉಳಿದಿದೆ. ನರಸಿಂಹನೂ ವೆಲಿಂಗದಲ್ಲಿ ನೆಲೆಯೂರಿದ. ಪಾಳಿ ಮುಗಿಸಿ ಬಂದ ವಿಜಯಪುರದ ಹುಡುಗ ಮೈದಾನದಂಚಿನಿಂದ ‘ಪಾಸ್ ಕೊಡಲೇ’ ಅಂದರೆ, ಕೊಂಕಣಿಯವನಿಗೆ ಅದನ್ನು ಅನುವಾದಿಸಿ ಹೇಳಬೇಕಿಲ್ಲ.