ನೆಕ್ಕರ್ ದಂಡೆಯ ವಿದ್ಯಾಪೀಠವೂ ಕನ್ನಡದ ಓಲೆಗರಿಯೂ

ಹೈದರಾಬಾದಿನಿಂದ ಸೊಲ್ಲಾಪುರದತ್ತ ಹೊರಟ ಪ್ರಯಾಣಿಕನಿಗೆ ಬೀದರ್ ಜಿಲ್ಲೆಯಲ್ಲಿ ಮೊದಲು ಮನ್ನಾಏಖೇಳ್ಳಿ ಸಿಗುತ್ತದೆ, ಮುಂದೆ ಹುಮನಾಬಾದ್, ಅದನ್ನು ದಾಟಿದ ಮೇಲೆ ಬಸವಕಲ್ಯಾಣದ ದಾರಿ. ಈ ನೆಲದ ದೊಡ್ಡ ಕಥೆ ಯಾವುದೆಂದು ಕೇಳಿದರೆ, ಬಿಜ್ಜಳನ ಕಾಲದ ಬಸವಣ್ಣನವರ ಮತ್ತು ಶರಣರ ಕಥೆಯೆಂದು ಇಲ್ಲಿನ ಮಕ್ಕಳೂ ಹೇಳಿಯಾರು. ಆ ಕಥೆಯನ್ನು 1369ರಲ್ಲಿ ಭೀಮಕವಿ ಕನ್ನಡ ಬಸವಪುರಾಣವಾಗಿ ಹಾಡಿದ. ಮುಂದೆ ಅದು ಓಲೆಗರಿಗಳಲ್ಲಿ ಉಳಿಯಿತು. ಅದೇ ಬಸವಪುರಾಣ 1850ರ ವೇಳೆಗೆ ಮಂಗಳೂರಿನಲ್ಲಿ ಅಚ್ಚಾಯಿತು. ಅಚ್ಚು ಹಾಕಿಸಿದವರು ಕಲ್ಯಾಣದವರಲ್ಲ, ಕನ್ನಡಿಗರೂ ಅಲ್ಲ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಹೆರ್ಮನ್ ಮೋಗ್ಲಿಂಗ್. ಇದು ಹೇಗಾಯಿತು? ಇದಕ್ಕೆ ಉತ್ತರ ಬೇಕಾದರೆ ವಾಚಕರು ನನ್ನೊಡನೆ ಸ್ವಲ್ಪ ಹೊತ್ತು ಆ ದೂರದ ಊರಿಗೆ ಬರಬೇಕು.

ಟ್ಯೂಬಿಂಗೆನ್ ದಕ್ಷಿಣ ಜರ್ಮನಿಯಲ್ಲಿ ನೆಕ್ಕರ್ ನದಿಯ ದಂಡೆಯ ಮೇಲಿನ ಒಂದು ಸಣ್ಣ ಊರು. ಅಲ್ಲಿ 1477ರಲ್ಲಿ ವುರ್ಟೆಂಬರ್ಗಿನ ಎಬರ್‌ಹಾರ್ಡ್ ಎಂಬ ದೊರೆ ವಿದ್ಯಾಪೀಠವೊಂದನ್ನು ಕಟ್ಟಿಸಿದ. ಗಡ್ಡದ ಎಬರ್‌ಹಾರ್ಡ್ ಎಂದೇ ಆತನಿಗೆ ಹೆಸರು. ‘ನಾನು ಪ್ರಯತ್ನಿಸುತ್ತೇನೆ’ ಎಂಬುದು ಅವನ ಧ್ಯೇಯವಾಕ್ಯ. ಇಂದಿಗೂ ಅದೇ ಆ ವಿದ್ಯಾಪೀಠದ ಧ್ಯೇಯವಾಕ್ಯ. ಆ ಕಾಲದ ಪದ್ಧತಿಯಂತೆ ಮೊದಲಲ್ಲಿ ಅಲ್ಲಿದ್ದವು ನಾಲ್ಕು ವಿಭಾಗಗಳು: ದೇವತಾಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯ ಮತ್ತು ಕಲೆ. 1589ರಲ್ಲಿ ಪಾದ್ರಿಯಾಗಬೇಕೆಂದು ಅಲ್ಲಿಗೆ ಬಂದ ಬಡಹುಡುಗನೊಬ್ಬ ಗಣಿತದ ಉಪಾಧ್ಯಾಯರಿಂದ ಕೋಪರ್ನಿಕಸನ ಮತವನ್ನು ಕಲಿತು, ಗ್ರಹಗಳ ಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್ ಆದ. ತತ್ತ್ವಜ್ಞಾನಿ ಹೆಗೆಲ್, ಕವಿ ಹೋಲ್ಡರ್ಲಿನ್ ಅಲ್ಲಿನ ಒಂದೇ ವಿದ್ಯಾರ್ಥಿನಿಲಯದ ಅನ್ನ ಉಂಡವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಶ್ವವಿದ್ಯಾನಿಲಯಗಳ ಸ್ವರೂಪವೇ ಬದಲಾಯಿತು. ತಿಳಿದುದನ್ನು ಒಪ್ಪಿಸುವುದು ಮಾತ್ರ ಗುರುವಿನ ಕೆಲಸವಲ್ಲ, ತಿಳಿಯದುದನ್ನು ಹುಡುಕುವುದೂ ಅವನ ಕೆಲಸ ಎಂಬ ಭಾವನೆ ಬೇರೂರಿತು. ಸೆಮಿನಾರ್ ಎಂಬ ಕೂಟದಲ್ಲಿ ಹತ್ತಾರು ವಿದ್ಯಾರ್ಥಿಗಳು ಒಂದು ಹಳೆಯ ಗ್ರಂಥವನ್ನು ಮುಂದಿಟ್ಟುಕೊಂಡು ಪಂಕ್ತಿ ಪಂಕ್ತಿಗೂ ತಡೆದು ಕೇಳುವರು: ಇದನ್ನು ಬರೆದವರು ಯಾರು? ಯಾವ ಕಾಲದಲ್ಲಿ? ಯಾರಿಗಾಗಿ? ಈ ಪಾಠ ಶುದ್ಧವೋ, ಲಿಪಿಕಾರನ ಕೈತಪ್ಪೋ? ಟ್ಯೂಬಿಂಗೆನ್ನಿನಲ್ಲಿ 1826ರಿಂದ ಪಾಠ ಹೇಳುತ್ತಿದ್ದ ಬಾವರ್ ಎಂಬ ಪಂಡಿತರು ತಮ್ಮ ಪವಿತ್ರಗ್ರಂಥಕ್ಕೇ ಈ ಪ್ರಶ್ನೆಗಳನ್ನು ಹಾಕಿ ದೇಶವನ್ನೇ ಬೆರಗುಗೊಳಿಸಿದರು. 1869ರಲ್ಲಿ, ಊರ ಕೋಟೆಯ ಹಳೆಯ ಅಡಿಗೆಮನೆಯಲ್ಲಿ ಏರ್ಪಟ್ಟಿದ್ದ ಪ್ರಯೋಗಶಾಲೆಯಲ್ಲಿ, ಮೀಷರ್ ಎಂಬ ತರುಣ ಆಸ್ಪತ್ರೆಯಿಂದ ತಂದ ಗಾಯದ ಪಟ್ಟಿಗಳ ಕೀವನ್ನು ಪರೀಕ್ಷಿಸುತ್ತ ಹೊಸ ಪದಾರ್ಥವೊಂದನ್ನು ಬೇರ್ಪಡಿಸಿದ. ಇಂದು ಡಿ.ಎನ್.ಎ. ಎಂದು ಶಾಲೆಯ ಮಕ್ಕಳೂ ಓದುವುದು ಅದನ್ನೇ. ಓಲೆಯಾಗಲಿ ಕೀವಾಗಲಿ, ನೋಡುವ ಶ್ರದ್ಧೆ ಒಂದೇ.

ಈ ಶ್ರದ್ಧೆಯ ವಾತಾವರಣದಲ್ಲಿ ಓದಿದವರು ಮೋಗ್ಲಿಂಗ್. ಅವರು 1811ರಲ್ಲಿ ಹುಟ್ಟಿ, 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ನಮ್ಮ ನಾಡಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಜನರನ್ನು ಅರಿಯಬೇಕಾದರೆ ಅವರ ಕಾವ್ಯವನ್ನು ಓದಬೇಕೆಂದು ಹೊರಟವರು ಆ ಕಾವ್ಯದ ಬಲೆಗೆ ತಾವೇ ಬಿದ್ದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ವೃತ್ತಪತ್ರಿಕೆಯನ್ನು ಕೊಟ್ಟರು. 1848ರಿಂದ ಮುಂದಿನ ಐದಾರು ವರ್ಷಗಳಲ್ಲಿ, ಕಾಸಾಮೇಜರ್ ಎಂಬ ಆಂಗ್ಲ ಅಧಿಕಾರಿಯ ದ್ರವ್ಯಸಹಾಯದಿಂದ, ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಮೊದಲಾದವುಗಳನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಅಚ್ಚು ಮಾಡಿಸಿದರು. ವೈಷ್ಣವ ಕಾವ್ಯವೂ ವೀರಶೈವ ಪುರಾಣವೂ ಒಂದೇ ಮಾಲೆಯಲ್ಲಿ ಪೋಣಿಸಿಕೊಂಡವು. ಅವರ ಬಂಧುವೂ ಸಹೋದ್ಯೋಗಿಯೂ ಆದ ವೈಗ್ಲೆ 1848ರಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ ಮತ್ತು ಸಾಹಿತ್ಯದ ಮೇಲೆ ಲೇಖನ ಬರೆದು ಯೂರೋಪಿನ ಪಂಡಿತರಿಗೆ ನಮ್ಮ ನುಡಿಯನ್ನು ಪರಿಚಯಿಸಿದರು.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಈ ಕನ್ನಡ ಸೇವೆಗಾಗಿ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ವರ್ಷವನ್ನು ವಾಚಕರು ಗಮನಿಸಬೇಕು. ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿ ಆಗಿನ್ನೂ ಒಂದು ವರ್ಷ. ಮೈಸೂರಿನದು ಹುಟ್ಟುವುದಕ್ಕೆ ಇನ್ನೂ 58 ವರ್ಷ! 1896ರಲ್ಲಿ ಅದೇ ವಿದ್ಯಾಪೀಠ ಫರ್ಡಿನಂಡ್ ಕಿಟ್ಟೆಲರಿಗೂ ಅದೇ ಗೌರವ ಸಲ್ಲಿಸಿತು. ಕಿಟ್ಟೆಲರು ವಿಶ್ವವಿದ್ಯಾನಿಲಯದ ಪದವೀಧರರೇ ಅಲ್ಲ. 1853ರಲ್ಲಿ ಇಲ್ಲಿಗೆ ಬಂದು, ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮುಗಿಸಿದವರು. ಕಾವ್ಯದ ಪ್ರಯೋಗದ ಪಕ್ಕದಲ್ಲಿ ಹಳ್ಳಿಯ ಗಾದೆಗೂ ಅದರಲ್ಲಿ ಸ್ಥಳವಿದೆ. ಕಡೆಯ ದಿನಗಳನ್ನು ಟ್ಯೂಬಿಂಗೆನ್ನಿನಲ್ಲೇ ಕಳೆದು 1903ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಆ ವಿದ್ಯಾಪೀಠಕ್ಕೆ ನಿಘಂಟಿನ ಬೆಲೆ ಗೊತ್ತಿತ್ತು. ಏಳು ಸಂಪುಟಗಳ ಪ್ರಸಿದ್ಧ ಪೀಟರ್ಸ್‌ಬರ್ಗ್ ಸಂಸ್ಕೃತ ಕೋಶವನ್ನು ರಚಿಸಿದ ಇಬ್ಬರಲ್ಲಿ ಒಬ್ಬರಾದ ರೋಟ್ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದವರು.

ಇಷ್ಟು ಕೇಳಿ ಆ ವಿದ್ಯಾಪೀಠವನ್ನು ದೇವಾಲಯವೆಂದು ಕೈಮುಗಿಯುವುದೂ ಬೇಡ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಪ್ರಶ್ನೆ ಕೇಳುವುದನ್ನೇ ಕಲಿಸಿದ ಆ ಸಂಸ್ಥೆ ತಲೆಬಾಗಿತು. ಜನಾಂಗಶಾಸ್ತ್ರವೆಂಬ ಹೆಸರಿನ ದ್ವೇಷಕ್ಕೆ ಅಲ್ಲಿಯೂ ಆಸನ ದೊರೆಯಿತು. ಸೂಕ್ಷ್ಮವಾಗಿ ಓದಬಲ್ಲವನು ನ್ಯಾಯವಾಗಿಯೂ ನಡೆಯುತ್ತಾನೆಂಬ ಭರವಸೆ ಇಲ್ಲ. ಇನ್ನೊಂದು ಮಾತು: ಬಸವಪುರಾಣದ ಓಲೆಗಳನ್ನು ತಲೆಮಾರುಗಳ ಕಾಲ ಎಣ್ಣೆ ಸವರಿ ಕಾಪಾಡಿದವರು, ಪ್ರತಿ ಮಾಡಿದವರು, ರಾಗವಾಗಿ ಓದಿ ಅರ್ಥ ಹೇಳಿದವರು ನಮ್ಮ ಮಠದ ಅಯ್ಯಗಳು, ಊರ ಪುರಾಣಿಕರು. ಅವರಿಗೆ ಯಾವ ಪೀಠವೂ ಡಾಕ್ಟರೇಟ್ ಕೊಡಲಿಲ್ಲ.

ಹಾಗಾದರೆ ಕಲ್ಯಾಣದ ನೆಲದ ಗತಿ ಏನಾಗಿತ್ತು? ಬೀದರ್ ಜಿಲ್ಲೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾದಾಗ ಇಂಗ್ಲಿಷನ್ನು ಬಿಟ್ಟು ಉರ್ದುವಿನಲ್ಲಿ ಉಚ್ಚ ಶಿಕ್ಷಣ ಕೊಟ್ಟದ್ದು ದೇಶದಲ್ಲೇ ದೊಡ್ಡ ಸಾಹಸ. ಆದರೆ ಹುಮನಾಬಾದಿನ ಕನ್ನಡ ಮನೆಯ ಹುಡುಗನಿಗೆ ಉರ್ದುವೂ ಕಲಿಯಬೇಕಾದ ಮತ್ತೊಂದು ಭಾಷೆಯೇ. ಬಸವಣ್ಣನ ಕಥೆಗೆ ಜರ್ಮನಿಯಲ್ಲಿ ಮನ್ನಣೆ ದೊರೆತು ಅರವತ್ತು ವರ್ಷವಾದರೂ ಬಸವಣ್ಣನ ಕಲ್ಯಾಣದಲ್ಲಿ ಅವನ ನುಡಿಗೆ ಸರ್ಕಾರಿ ಮನ್ನಣೆ ಇರಲಿಲ್ಲ. ಈ ಜಿಲ್ಲೆ 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿತು. ಗುಲ್ಬರ್ಗ ವಿಶ್ವವಿದ್ಯಾನಿಲಯ ಬಂದದ್ದು 1980ರಲ್ಲಿ.

ಆದರೂ ನಿರಾಶೆಗೆ ಕಾರಣವಿಲ್ಲ. ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಯಾವ ಪೀಠದ ಆಶ್ರಯವೂ ಇಲ್ಲದೆ ಮನೆಮನೆಯ ಓಲೆಗಳನ್ನು ಹುಡುಕಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಕಲ್ಯಾಣದ ವಚನಗಳು ನಾಡಿನ ಓದುಗರ ಕೈಗೆ ಬಂದವು. 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಅರ್ಪಿಸಿತು. ಟ್ಯೂಬಿಂಗೆನ್ ಕಿಟ್ಟೆಲರಿಗೆ ಮಾಡಿದುದನ್ನು ನಮ್ಮ ಪೀಠ ನಮ್ಮವರಿಗೆ ಮಾಡಿತು.

ಆದುದರಿಂದ ನಿಮ್ಮ ಮಗನೋ ಮಗಳೋ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ, ಕಟ್ಟಡ ಎಷ್ಟು ದೊಡ್ಡದು, ಪದವಿಯಿಂದ ಸಂಬಳ ಎಷ್ಟು ಎಂದು ಕೇಳುವುದರ ಜೊತೆಗೆ, ‘ಅಲ್ಲಿ ಏನನ್ನು ಹುಡುಕುತ್ತಿದ್ದಾರೆ?’ ಎಂದೂ ಕೇಳಿರಿ. ಅಟ್ಟದ ಮೇಲೆ ಅಜ್ಜನ ಕಾಲದ ಓಲೆಯ ಕಟ್ಟೊಂದಿದ್ದರೆ ಒಲೆಗೆ ಹಾಕುವ ಮುನ್ನ ಓದಬಲ್ಲವರಿಗೆ ಒಮ್ಮೆ ತೋರಿಸಿರಿ. ಓದಬಲ್ಲ ಕಣ್ಣು ನೆಕ್ಕರ್ ದಂಡೆಯಲ್ಲಿ ಮಾತ್ರ ಹುಟ್ಟುವುದಲ್ಲ.