ಮಿಂಚಂಚೆಯ ಹೆಡರಿನಲ್ಲಿ ಸಾಲಿನ ಮಡಿಕೆ

ಮಿಂಚಂಚೆಯಲ್ಲಿ ಒಕ್ಕಣೆಗೆ ಮುನ್ನ ಬರುವ ಭಾಗಕ್ಕೆ ಹೆಡರ್ ಎಂದು ಹೆಸರು. ಕಳುಹಿಸಿದವರು, ದಿನಾಂಕ, ವಿಷಯ ಮೊದಲಾದವು ಅಲ್ಲಿ ಒಂದೊಂದು ಸಾಲಾಗಿರುತ್ತವೆ. ಸಾಲು ಉದ್ದವಾದರೆ ಅದನ್ನು ಮುರಿದು, ಮುಂದಿನ ಸಾಲನ್ನು ತೆರಪಿನಿಂದ ಆರಂಭಿಸತಕ್ಕದ್ದು. ಹಿಂದಿನ ಸಾಲೇ ಮುಂದುವರಿಯುತ್ತಿದೆ ಎಂಬುದಕ್ಕೆ ಆ ತೆರಪೇ ಗುರುತು. ಇದನ್ನು ಮಡಿಕೆ ಎನ್ನಬಹುದು. ಕಣ್ಣಿನ ಅನುಕೂಲಕ್ಕಾಗಿ ಹುಟ್ಟಿದ ಈ ತೆರಪು ಕಾಲಕ್ರಮದಲ್ಲಿ ಪಾಠವನ್ನೇ ಕೆಡಿಸಬಲ್ಲ ವಸ್ತುವಾದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಅರ್ಪಾನೆಟ್ ಜಾಲಕ್ಕಾಗಿ 1977ರ ನವೆಂಬರಿನಲ್ಲಿ ಹೊರಟ ಆರ್‌ಎಫ್‌ಸಿ 733ರಲ್ಲಿಯೇ ಮಡಿಕೆಯ ವಿಧಿಯುಂಟು. ಡೇವಿಡ್ ಕ್ರಾಕರ್ 1982ರಲ್ಲಿ ಸಿದ್ಧಪಡಿಸಿದ ಆರ್‌ಎಫ್‌ಸಿ 822 ಎಂಬ ನಿಯಮಪತ್ರವು, ಸಾಲನ್ನು 65 ಅಥವಾ 72 ಅಕ್ಷರಗಳಿಗೆ ಮುರಿಯುವ ರೂಢಿಯನ್ನು ಹೇಳಿತಾದರೂ ಅದನ್ನು ಕಡ್ಡಾಯಗೊಳಿಸಲಿಲ್ಲ. ಪೀಟ್ ರೆಸ್ನಿಕ್ ಅವರ ಸಂಪಾದಕತ್ವದಲ್ಲಿ 2001ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2822 ಎರಡು ಮಿತಿಗಳನ್ನು ವಿಧಿಸಿತು: 78 ಅಕ್ಷರಗಳನ್ನು ಮೀರದಿರುವುದು ಲೇಸು, 998ನ್ನು ಮೀರಕೂಡದು. ಮೊದಲನೆಯದು ಓದುಗನ ಪರದೆಗಾಗಿ, ಎರಡನೆಯದು ಯಂತ್ರಕ್ಕಾಗಿ.

ತೊಡಕು ಹೆಚ್ಚಿದ್ದು ಮೇಲಿಂಗ್ ಲಿಸ್ಟ್ ತಂತ್ರಾಂಶದಿಂದ. ಬಂದ ಪತ್ರವನ್ನು ಅದು ಸದಸ್ಯರಿಗೆಲ್ಲ ಹಂಚುವುದಲ್ಲದೆ, ವಿಷಯದ ಮುಂದೆ ಬಳಗದ ಹೆಸರನ್ನು ಚೌಕ ಕಂಸದಲ್ಲಿ ಸೇರಿಸುತ್ತದೆ. ಸಾಲಿನ ಉದ್ದ ಬದಲಾಗುವುದರಿಂದ ಹಳೆಯ ಮಡಿಕೆಯನ್ನು ಬಿಚ್ಚಿ ಹೊಸದಾಗಿ ಮಡಿಸಬೇಕಾಗುತ್ತದೆ. ಬಿಚ್ಚುವಾಗ ಸಾಲು ಮುರಿದ ಗುರುತನ್ನು ಮಾತ್ರ ತೆಗೆಯಬೇಕು, ತೆರಪು ಉಳಿಯಬೇಕು. ಕೆಲವು ತಂತ್ರಾಂಶಗಳು ಮಡಿಸುವಾಗ ಮೂಲದ ತೆರಪಿಗೆ ಬದಲಾಗಿ ಟ್ಯಾಬನ್ನು ಇಟ್ಟವು. ಬಿಚ್ಚಿದ ಮೇಲೆಯೂ ಅದು ಉಳಿದು, ಒಂದೇ ಚರ್ಚೆಯ ವಿಷಯ ಎರಡು ಬಗೆಯಾಗಿ ತೋರಿತು.

ಕನ್ನಡದ ವಿಷಯಸಾಲಿಗೆ ಈ ತೊಂದರೆ ಇನ್ನೂ ಹತ್ತಿರದ್ದು. ಆಸ್ಕಿಯಲ್ಲದ ಲಿಪಿಯನ್ನು ಹೆಡರಿನಲ್ಲಿ ಸಂಕೇತಪದಗಳಾಗಿ ಬರೆಯುವ ವಿಧಿ 1996ರ ಆರ್‌ಎಫ್‌ಸಿ 2047ರದು. ಒಂದು ಸಂಕೇತಪದ 75 ಅಕ್ಷರಗಳನ್ನು ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು ಬೇಕು. ಬೇಸ್64 ರೂಪದಲ್ಲಿ ಅವು 4 ಅಕ್ಷರಗಳಾಗುತ್ತವೆ. ಆದಕಾರಣ ಒಂದು ಸಂಕೇತಪದದಲ್ಲಿ ಹಿಡಿಯುವುದು ಕನ್ನಡದ 15 ಸಂಕೇತಗಳು ಮಾತ್ರ. ಒಂದು ‘ಕ್ಷ’ಕ್ಕೇ ಮೂರು ಸಂಕೇತಗಳು ಬೇಕೆಂಬುದನ್ನು ನೆನೆದರೆ ಇದು ಎಷ್ಟು ಇಕ್ಕಟ್ಟೆಂಬುದು ತಿಳಿದೀತು. ಉಳಿದುದು ಮುಂದಿನ ಸಂಕೇತಪದಕ್ಕೆ ಹೋಗಬೇಕು. ಎರಡು ಸಂಕೇತಪದಗಳ ನಡುವಿನ ತೆರಪನ್ನು ಓದುವಾಗ ಲೆಕ್ಕಕ್ಕೆ ಹಿಡಿಯಬಾರದು; ಸಂಕೇತಪದಕ್ಕೂ ಸಾದಾ ಪದಕ್ಕೂ ನಡುವಿನದನ್ನು ಉಳಿಸಿಕೊಳ್ಳಬೇಕು. ಈ ಭೇದವನ್ನರಿಯದ ತಂತ್ರಾಂಶದ ಕೈಯಲ್ಲಿ ‘ಕ್ಷ’ ಎಂಬುದು ‘ಕ್ ಷ’ ಎಂದು ಒಡೆದುಹೋಗುವುದುಂಟು.

2007ರಲ್ಲಿ ಡಿಕಿಮ್ ಎಂಬ ಸಹಿಪದ್ಧತಿ ನಿಯಮಬದ್ಧವಾಯಿತು. ಅದರ ‘ಸಿಂಪಲ್’ ಕ್ರಮದಲ್ಲಿ ಸಹಿಗೊಳಪಟ್ಟ ಹೆಡರಿನ ಮಡಿಕೆ ಬದಲಾದರೂ ಸಹಿ ಸುಳ್ಳಾಗುತ್ತದೆ. ‘ರಿಲ್ಯಾಕ್ಸ್ಡ್’ ಕ್ರಮವು ಮಡಿಕೆಗಳನ್ನು ಬಿಚ್ಚಿ, ತೆರಪುಗಳನ್ನು ಒಂದಾಗಿಸಿದ ಬಳಿಕವೇ ಪರೀಕ್ಷಿಸುವುದರಿಂದ ಅಷ್ಟನ್ನು ಮನ್ನಿಸುತ್ತದೆ, ಸೇರಿಸಿದ ಹೆಸರನ್ನಲ್ಲ. ಬಳಗದ ಹೆಸರಿಗೆಂದೇ ಲಿಸ್ಟ್-ಐಡಿ ಎಂಬ ಪ್ರತ್ಯೇಕ ಸಾಲು 2001ರಲ್ಲಿಯೇ ಗೊತ್ತಾಗಿದ್ದರೂ, ಅದನ್ನು ವಿಷಯದಲ್ಲಿ ತುರುಕುವ ರೂಢಿ ಇನ್ನೂ ಹೋಗಿಲ್ಲ.