ಮಹಾಮಾರಿಯೂ ಮಕ್ಕಳ ವೈದ್ಯವೂ

ನಾಡಿನ ಚರಿತ್ರೆಯೆಂದರೆ ಅರಸರ ವಂಶಾವಳಿ, ದಂಡಯಾತ್ರೆ, ದಾನಶಾಸನ ಇಷ್ಟೇ ಎಂದು ತಿಳಿಯುವ ಕಾಲವು ಹಿಂದಾಯಿತು. ಕುರುಗೋಡಿನ ಸಿಂದರ ಶಾಸನಗಳನ್ನು ಓದಿ ಹೆಮ್ಮೆಪಡುವ ನಾವು, ಅದೇ ಕುರುಗೋಡಿನ ಕೇರಿಗಳಲ್ಲಿ ಸಿಡುಬಿನಿಂದ ನರಳಿದ ಕೂಸುಗಳಿಗೆ ಆರೈಕೆ ಹೇಗೆ ನಡೆಯುತ್ತಿತ್ತು ಎಂದು ವಿಚಾರಿಸುವುದೂ ಚರಿತ್ರೆಯ ಕೆಲಸವೇ ಸರಿ. ಕಲ್ಲಿನಲ್ಲಿ ಹೆಸರು ಕೆತ್ತಿಸುವಷ್ಟು ಕಾಲ ಬದುಕದೆ ಹೋದವರ ಲೆಕ್ಕವನ್ನೂ ಯಾರಾದರೂ ಇಡಬೇಕಷ್ಟೆ.

2020ನೆಯ ಇಸವಿಯಲ್ಲಿ ಕೊರೋನಾ ರೋಗವು ಬಂದಾಗ, ಇಂಥದನ್ನು ಕಂಡಿಲ್ಲ, ಕೇಳಿಲ್ಲ ಎಂದು ಜನರು ಆಡಿಕೊಂಡರು. ಕಂಡವರು ಉಳಿದಿರಲಿಲ್ಲವೆಂಬುದು ನಿಜ. ಆದರೆ ಬಳ್ಳಾರಿಯ ಸೀಮೆಗೆ ಸಿಡುಬು, ಕಾಲರಾ, ಪ್ಲೇಗು, ಇನ್‌ಫ್ಲುಯೆಂಜಾ ಇವು ಒಂದರ ಹಿಂದೊಂದು ಬಂದು ಹೋಗಿದ್ದುವು. ಇವುಗಳಲ್ಲಿ ಪ್ರತಿಯೊಂದೂ ವೈದ್ಯರ ಮುಂದೆ ಒಂದೇ ಪ್ರಶ್ನೆಯನ್ನಿಟ್ಟಿತು: ರೋಗಿಯನ್ನು ಉಳಿದವರಿಂದ ಬೇರ್ಪಡಿಸುವುದು ಹೇಗೆ? ದೊಡ್ಡವರ ವಿಷಯದಲ್ಲಿ ಇದು ಒಂದು ಕೋಣೆ, ಒಂದು ಮಂಚದ ಮಾತು. ಮಗುವಿನ ವಿಷಯದಲ್ಲಿ ಹಾಗಲ್ಲ. ಮೊಲೆಯುಣ್ಣುವ ಕೂಸಿಗೆ ತಾಯಿಯೇ ಆಹಾರ, ತಾಯಿಯೇ ದಾದಿ. ಬಾಯಿಲ್ಲದ ಅದರ ಬೇನೆಯನ್ನು ವೈದ್ಯನಿಗೆ ಹೇಳುವವಳೂ ಅವಳೇ. ಆಕೆಯನ್ನು ದೂರಮಾಡಿದ ಚಿಕಿತ್ಸೆಯು ಸೋತಿತು; ಆಕೆಯನ್ನು ಜೊತೆಗಿಟ್ಟುಕೊಂಡ ಚಿಕಿತ್ಸೆಯು ಗೆದ್ದಿತು. ಎರಡು ಶತಮಾನಗಳ ಅನುಭವವು ಹೇಳುವುದು ಇದನ್ನೇ. ಅದನ್ನು ಕಾಲಾನುಕ್ರಮದಲ್ಲಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಿಡುಬಿನಿಂದ ಪ್ರಾರಂಭಿಸೋಣ. ನಮ್ಮ ಮನೆಗಳಲ್ಲಿ ಅದಕ್ಕೆ ರೋಗವೆಂಬ ಹೆಸರೇ ಇರಲಿಲ್ಲ. "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವರು. ಹೊರಗಿನವರು ಒಳಗೆ ಬರುವಂತಿಲ್ಲ. ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ. ಮಗುವನ್ನು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ ತಾಯಿಯೊಬ್ಬಳೇ ಬಳಿಯಲ್ಲಿರುವಳು. ಈ ಆಚಾರಗಳನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ಇದರಲ್ಲಿ ಮನೆಯು ಊರಿನಿಂದ ಬೇರ್ಪಡುತ್ತಿತ್ತು, ಮಗುವು ತಾಯಿಯಿಂದ ಬೇರ್ಪಡುತ್ತಿರಲಿಲ್ಲ. ಆದರೆ ರೋಗವು ಬಾರದಂತೆ ತಡೆಯುವ ಶಕ್ತಿಯು ಮಾತ್ರ ಈ ಆಚಾರಕ್ಕಿರಲಿಲ್ಲ.

ಆ ಶಕ್ತಿಯು ದೇವಿ ಹಾಕುವ ಕ್ರಮದಿಂದ ಬಂದಿತು. 1800ರಲ್ಲಿ ಬಳ್ಳಾರಿಯ ಸೀಮೆಯು ನಿಜಾಮನಿಂದ ಕಂಪೆನಿಯ ಕೈ ಸೇರಿತು. ಅದಾದ ಎರಡೇ ವರುಷಕ್ಕೆ, 1802ರ ಜೂನ್ 14ರಂದು, ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರುಷದ ಹೆಣ್ಣುಮಗುವಿಗೆ ಭಾರತದಲ್ಲಿ ಮೊದಲ ಸಲ ದೇವಿ ಹಾಕಿದರು. ಆ ಮಗುವಿನ ತೋಳಿನಲ್ಲೆದ್ದ ಬೊಕ್ಕೆಯ ರಸದಿಂದ ಮತ್ತೊಂದು ಮಗುವಿಗೆ, ಅದರಿಂದ ಇನ್ನೊಂದಕ್ಕೆ, ಹೀಗೆ ಮಕ್ಕಳ ತೋಳಿನಿಂದ ತೋಳಿಗೆ ಈ ರಕ್ಷೆಯು ದೇಶದ ಮೂಲೆಮೂಲೆಗೆ ನಡೆಯಿತು. ನಾಡನ್ನು ಕಾಪಾಡಿದ ಈ ಸರಪಳಿಯ ಕೊಂಡಿಗಳೆಲ್ಲ ಹೆಸರಿಲ್ಲದ ಮಕ್ಕಳೇ ಎಂಬುದನ್ನು ನಾವು ಮರೆಯಬಾರದು. ಆದರೆ ತಾಯಂದಿರ ಪಾಡೇನು? ದೇವಿ ಹಾಕಿಸಿಕೊಂಡ ಮಗುವಿನ ತೋಳನ್ನು ಎಂಟನೆಯ ದಿನ ಮತ್ತೆ ಗೀರಿ ರಸವನ್ನು ತೆಗೆಯುತ್ತಿದ್ದರು. ಮಗುವು ಅಳುತ್ತಿತ್ತು, ಒಬ್ಬರ ಮೈಯ ರಸವು ಇನ್ನೊಬ್ಬರ ಮೈಗೆ ಸೇರುವುದನ್ನು ಜಾತಿಯ ಆಚಾರವು ಒಪ್ಪುತ್ತಿರಲಿಲ್ಲ, ಆ ದಾರಿಯಿಂದ ಬೇರೆ ರೋಗಗಳು ಹರಡುವ ಅಪಾಯವೂ ಇದ್ದಿತು. ಆದುದರಿಂದ ದೇವಿ ಹಾಕುವವರು ಊರಿಗೆ ಬಂದರೆಂದೊಡನೆ ಮಕ್ಕಳನ್ನು ಬಚ್ಚಿಡುವ ಪದ್ಧತಿಯು ದೇಶದ ಎಲ್ಲ ಕಡೆಯೂ ಬೆಳೆಯಿತು. ಸರ್ಕಾರದ ವರದಿಗಳು ಇದನ್ನು ಅಜ್ಞಾನವೆಂದು ಕರೆದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರುವಿನಿಂದ ರಸವನ್ನು ತೆಗೆಯುವ ಕ್ರಮವು ರೂಢಿಗೆ ಬಂದು, ಮಗುವಿನ ತೋಳನ್ನು ಗೀರುವುದು ತಪ್ಪಿದ ಮೇಲೆ, ಪ್ರಬಲವಾದ ಆಕ್ಷೇಪವೊಂದು ಇಲ್ಲವಾಯಿತು. ಇಲ್ಲಿ ತಿದ್ದಿಕೊಂಡುದು ತಾಯಿಯಲ್ಲ, ವೈದ್ಯಕ್ರಮವು. 1975ರಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿಯು ಗುಣಹೊಂದಿದುದೂ, 1980ರಲ್ಲಿ ಆ ರೋಗವು ಲೋಕದಿಂದಲೇ ತೊಲಗಿತೆಂದು ಸಾರಿದುದೂ ಎಲ್ಲರಿಗೂ ತಿಳಿದ ಸಂಗತಿ.

ಎರಡನೆಯದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿಯು ರೈಲುದಾರಿಯನ್ನು ಹಿಡಿದು ಬಂದು 1898ರೊಳಗೆ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಮುಟ್ಟಿತು. ಗುಂತಕಲ್ಲು ಹುಬ್ಬಳ್ಳಿಗಳ ನಡುವಣ ರೈಲುದಾರಿಯಲ್ಲಿರುವ ಬಳ್ಳಾರಿಯು ಅದರಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. 1897ರಲ್ಲಿ ಸರ್ಕಾರವು ಸಾಂಕ್ರಾಮಿಕ ರೋಗಗಳ ಶಾಸನವನ್ನು ಮಾಡಿತು. ಅದರ ಬಲದಿಂದ ಮನೆ ಹೊಕ್ಕು ಶೋಧಿಸುವುದು, ಕಂಕುಳು ತೊಡೆಸಂದುಗಳಲ್ಲಿ ಗಡ್ಡೆಯಿದೆಯೇ ಎಂದು ಮುಟ್ಟಿ ನೋಡುವುದು, ರೋಗಿಯನ್ನು ಒಂದು ಶಿಬಿರಕ್ಕೂ ಮನೆಯವರನ್ನು ಇನ್ನೊಂದಕ್ಕೂ ಕಳುಹಿಸುವುದು ಇವೆಲ್ಲ ಮುಂಬಯಿ, ಪುಣೆ ಮೊದಲಾದ ಕಡೆಗಳಲ್ಲಿ ನಡೆದುವು. ಫಲವೇನಾಯಿತು? ಜನರು ರೋಗಿಗಳನ್ನು ಅಟ್ಟದಲ್ಲಿಯೂ ಹಗೇವಿನಲ್ಲಿಯೂ ಅಡಗಿಸಿದರು. ಸತ್ತವರನ್ನು ರಾತ್ರಿಯಲ್ಲಿ ಮಣ್ಣುಮಾಡಿದರು. ರೋಗವು ಕಣ್ಣಿಗೆ ಕಾಣದೆ ಹರಡಿತು. ಕೊನೆಗೆ ಸರ್ಕಾರವೇ ಬಲಾತ್ಕಾರವನ್ನು ಸಡಿಲಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ ನಮ್ಮ ಜನರು ತಾವಾಗಿಯೇ ಹಿಡಿದ ಮಾರ್ಗವೊಂದುಂಟು. ಇಲಿ ಬಿದ್ದಿತೆಂದೊಡನೆ ಮನೆಮಂದಿಯೆಲ್ಲ ಪಾತ್ರೆಪಡಗಗಳೊಡನೆ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ರೋಗವು ಇಳಿಯುವ ತನಕ ಅಲ್ಲಿಯೇ ಇರುವುದು. ಇಲಿಯ ಮೈಯ ಚಿಗಟದಿಂದ ಪ್ಲೇಗು ಹರಡುವುದೆಂದು ಫ್ರಾನ್ಸಿನ ಪೋಲ್ ಲೂಯಿ ಸಿಮೋಂ ಎಂಬ ವೈದ್ಯನು ತೋರಿಸಿಕೊಟ್ಟುದು 1898ರಲ್ಲಿ. ವಿದ್ವಾಂಸರೆಲ್ಲರೂ ಅದನ್ನು ಒಪ್ಪಲು ಇನ್ನೂ ಕೆಲವು ವರುಷಗಳು ಹಿಡಿದುವು. ಕಾರಣವು ತಿಳಿಯದಿದ್ದರೂ ಗುಡಿಸಲಿನ ಮಾರ್ಗವು ಸರಿಯಾದುದೇ ಆಗಿದ್ದಿತು, ಏಕೆಂದರೆ ಇಲಿಗಳು ಊರಿನಲ್ಲಿಯೇ ಉಳಿದುವು. ಮಳೆ, ಚಳಿ, ಹಾವುಹುಳುಗಳ ಕಷ್ಟವಿದ್ದರೂ ಮಕ್ಕಳು ತಾಯಿಯ ಮಗ್ಗುಲಲ್ಲಿದ್ದರು. ಒಂದೇ ರೋಗಕ್ಕೆ ಎರಡು ಬಗೆಯ ಬೇರ್ಪಡಿಕೆ: ಒಂದನ್ನು ಜನರು ಬಚ್ಚಿಟ್ಟು ಸೋಲಿಸಿದರು, ಇನ್ನೊಂದನ್ನು ಕಷ್ಟಪಟ್ಟು ನಡೆಸಿಕೊಂಡರು.

1918ರ ಇನ್‌ಫ್ಲುಯೆಂಜಾ ಬೇರೊಂದು ಪಾಠವನ್ನು ಕಲಿಸಿತು. ಆ ವರುಷದ ಜೂನಿನಲ್ಲಿ ಮುಂಬಯಿಗೆ ಬಂದ ಜ್ವರವು ಸೆಪ್ಟೆಂಬರಿನ ಮೇಲೆ ಉಗ್ರರೂಪವನ್ನು ತಾಳಿತು. ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿಯ ತನಕ ಎಂದು ಬೇರೆ ಬೇರೆ ವಿದ್ವಾಂಸರು ಅಂದಾಜು ಮಾಡಿರುವರು. 1911ಕ್ಕಿಂತ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ಈ ಜ್ವರದ ವಿಶೇಷವೇನೆಂದರೆ, ಅದು ಮುದುಕರನ್ನೂ ಹಸುಗೂಸುಗಳನ್ನೂ ಕೊಂಡೊಯ್ದುದಲ್ಲದೆ, ಇಪ್ಪತ್ತರಿಂದ ನಲವತ್ತು ವರುಷದ ಗಟ್ಟಿ ಪ್ರಾಯದವರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಅವರಲ್ಲಿಯೂ ಹೆಂಗಸರೇ ಹೆಚ್ಚು. ಅಂದರೆ ಎಳೆಯ ಮಕ್ಕಳ ತಾಯಂದಿರು. ಆ ವರುಷ ಮುಂಗಾರು ಕೈಕೊಟ್ಟು ಮೇವು, ಧಾನ್ಯ, ಹಾಲು ಎಲ್ಲವೂ ತುಟ್ಟಿಯಾಗಿದ್ದುವು. ಜ್ವರವು ಮಗುವನ್ನು ಮುಟ್ಟದೆ ಬಿಟ್ಟ ಮನೆಯಲ್ಲಿಯೂ ತಾಯಿಯ ಸಾವು ಮಗುವನ್ನು ಬಿಡಲಿಲ್ಲ. ಮಗುವಿನ ಮೈಗೆ ರೋಗವು ತಗುಲಿದೆಯೇ ಎಂದು ನೋಡಿದರೆ ಸಾಲದು, ಅದರ ಆರೈಕೆಯ ಸರಪಳಿಯು ಎಲ್ಲಿ ಕಡಿಯಿತು ಎಂದೂ ನೋಡಬೇಕೆಂಬುದು 1918 ಕಲಿಸಿದ ಪಾಠ.

ಮುಂದಿನ ಅರ್ಧ ಶತಮಾನದಲ್ಲಿ ಕಾಲವು ಬದಲಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸು ಪ್ರಾಂತ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. 1961ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಇಂದು ವಿಮ್ಸ್ ಎಂದು ಜನರು ಕರೆಯುವ ಸಂಸ್ಥೆಯು ಅದೇ. ಈ ನಡುವೆ ದೂರದ ಬಂಗಾಳದಲ್ಲಿ ಮಕ್ಕಳ ವೈದ್ಯಕ್ಕೆ ಬಹಳ ದೊಡ್ಡ ಉಪಕಾರವೊಂದು ನಡೆಯಿತು. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವವು ಮುಗಿಯುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬವರು ಉಪ್ಪು, ಸೋಡ, ಸಕ್ಕರೆಗಳ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಗೇ ಲೋಟವನ್ನು ಕೊಟ್ಟರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ತಾಯಿಯನ್ನು ಹೊರಗೆ ನಿಲ್ಲಿಸದೆ ಅವಳನ್ನೇ ದಾದಿಯನ್ನಾಗಿ ಮಾಡಿದುದರಿಂದ ಸಾಧ್ಯವಾದ ಕಾರ್ಯವಿದು.

ಇನ್ನು ಕೊರೋನಾದ ಕಾಲಕ್ಕೆ ಬರೋಣ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಬಸ್ಸುಗಳು ನಿಂತುವು, ನಮ್ಮ ರಾಜ್ಯದಲ್ಲಿ ಅವು ಮತ್ತೆ ಓಡಲು ತೊಡಗಿದುದು ಮೇ 19ರಂದು. ಬಳ್ಳಾರಿಯ ಪೇಟೆಯವರಿಗೆ ಮಕ್ಕಳ ಡಾಕ್ಟರು ಕೂಗಳತೆಯಲ್ಲಿದ್ದರೂ ಇದ್ದಾರು. ತುಂಗಭದ್ರೆಯ ದಡದ ಸಿರುಗುಪ್ಪದ ಬತ್ತದ ಗದ್ದೆಗಳ ನಡುವಣ ಕ್ಯಾಂಪುಗಳ ತಾಯಂದಿರಿಗೂ, ಕುರುಗೋಡಿನ ಸುತ್ತಣ ಹಳ್ಳಿಯವರಿಗೂ, ಬಸ್ಸಿಲ್ಲವೆಂದರೆ ತಜ್ಞವೈದ್ಯರೇ ಇಲ್ಲವೆಂದಂತೆ. ಕುರುಗೋಡು ತಾಲ್ಲೂಕು ಕೇಂದ್ರವಾಗಿ ಆಗ ಎರಡು ಮೂರು ವರುಷಗಳಾಗಿದ್ದುವಷ್ಟೆ. ಅದೇ ಮಾರ್ಚ್ 25ರಂದು ದೂರವಾಣಿಯ ಮೂಲಕ ಚಿಕಿತ್ಸೆಯನ್ನು ಹೇಳಲು ಕೇಂದ್ರ ಸರ್ಕಾರವು ನಿಯಮಗಳನ್ನು ಪ್ರಕಟಿಸಿತು. ಮಗುವಿನ ವಿಷಯದಲ್ಲಿ ಹಿರಿಯರೊಬ್ಬರು ಜೊತೆಯಲ್ಲಿದ್ದರೆ ಮಾತ್ರ ಹಾಗೆ ಚಿಕಿತ್ಸೆ ಹೇಳಬಹುದೆಂಬುದು ಅದರಲ್ಲಿನ ಒಂದು ವಿಧಿ. ಹೀಗೆ ಡಾಕ್ಟರ ಕೈಯ ಕೆಲಸವು ತಾಯಿಯ ಕೈಗೆ ಬಂದಿತು. ಮಗುವಿನ ಅಂಗಿಯನ್ನು ಬಿಚ್ಚಿ ಎದೆಯನ್ನು ಫೋನಿನಲ್ಲಿ ತೋರಿಸುವುದು, ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸುವುದು ಮೊದಲಾದುವನ್ನು ಆಕೆ ಕಲಿತಳು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರುಷದೊಳಗೆ 50, ಐದು ವರುಷದೊಳಗೆ 40, ಇವುಗಳನ್ನು ಮುಟ್ಟಿದರೆ ಅಪಾಯವೆಂಬ ಲೆಕ್ಕವು ಅದಕ್ಕೆ ಮೊದಲು ಆರೋಗ್ಯ ಸಹಾಯಕಿಯರ ಪಾಠದಲ್ಲಿದ್ದುದು. ಈಗ ಮನೆಯ ಹೆಂಗಸರ ಬಾಯಿಗೂ ಬಂದಿತು.

ಚಿಕಿತ್ಸಾಲಯಗಳ ರೂಪವೂ ನಾಡಿನೆಲ್ಲೆಡೆ ಬದಲಾಯಿತು. ಜ್ವರ ಕೆಮ್ಮುಗಳ ಮಕ್ಕಳಿಗೆ ಒಂದು ಹೊತ್ತು, ಚುಚ್ಚುಮದ್ದಿಗೆ ಬರುವ ಆರೋಗ್ಯವಂತ ಶಿಶುಗಳಿಗೆ ಇನ್ನೊಂದು ಹೊತ್ತು, ಮಗುವಿನೊಡನೆ ಒಬ್ಬರೇ, ಕಾಯುವ ಕೋಣೆಯ ಆಟಿಕೆಗಳೆಲ್ಲ ಒಳಗೆ. ಉಬ್ಬಸದ ಮಗುವಿಗೆ ಯಂತ್ರದಿಂದ ಹಬೆಯನ್ನು ಕೊಟ್ಟರೆ ರೋಗಾಣು ಗಾಳಿಯಲ್ಲಿ ಹರಡೀತೆಂದು, ಕೊಳವೆಯ ಮೂಲಕ ಔಷಧವನ್ನು ಸೇದಿಸುವ ಕ್ರಮವು ಮುಂದಾಯಿತು. ಮೊದಮೊದಲು ಚೀನಾ ದೇಶದಲ್ಲಿ ರೋಗವಿದ್ದ ಬಾಣಂತಿಯಿಂದ ಕೂಸನ್ನು 14 ದಿನಗಳ ತನಕ ಅಗಲಿಸುತ್ತಿದ್ದರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ದೇಶದ ಶಿಶುವೈದ್ಯರ ಸಂಘಗಳೂ ಬೇರೆ ಮಾತನ್ನಾಡಿದುವು: ತಾಯಿಯು ಮುಖಕ್ಕೆ ಮುಸುಕು ಧರಿಸಿ, ಕೈ ತೊಳೆದು, ಮೊಲೆಯೂಡಲಿ, ಕೂಸು ಅವಳ ಬಳಿಯಲ್ಲಿಯೇ ಇರಲಿ. ಬೇವಿನ ಸೊಪ್ಪಿನ ಬಾಗಿಲ ಹಿಂದೆ ನಮ್ಮ ಅಜ್ಜಿಯರು ಮಾಡುತ್ತಿದ್ದುದನ್ನು, ಈಗ ಕಾರಣ ಸಹಿತವಾಗಿ ತಿಳಿದು ಮಾಡಿದಂತಾಯಿತು.

ಕೊರೋನಾ ಮಕ್ಕಳ ಮೈಯನ್ನು ಹೆಚ್ಚಾಗಿ ಕಾಡಲಿಲ್ಲ. ಆದರೆ 1918ರ ಪಾಠವು ಮತ್ತೆ ನಿಜವಾಯಿತು. ಆರೈಕೆಯ ಸರಪಳಿಯು ಕಡಿಯಿತು. ಅಂಗನವಾಡಿಗಳು ಒಂದೂವರೆ ವರುಷಕ್ಕೂ ಹೆಚ್ಚು ಕಾಲ ಮುಚ್ಚಿದುವು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಚುಚ್ಚುಮದ್ದಿನ ಮೊದಲ ವರಸೆಯನ್ನೂ ಕಾಣದ ಮಕ್ಕಳು ಭಾರತದಲ್ಲಿ 2019ರಲ್ಲಿ 14 ಲಕ್ಷವಿದ್ದವರು 2020ರಲ್ಲಿ 30 ಲಕ್ಷವಾದರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫೂ 2021ರಲ್ಲಿ ಲೆಕ್ಕ ಹೇಳಿದುವು. 2022ರ ಕೊನೆಯಲ್ಲಿ ಮುಂಬಯಿಯಲ್ಲಿ ದಡಾರವು ಎದ್ದು ಮಕ್ಕಳನ್ನು ಕೊಂದಿತು. ಕೊರೋನಾದ ಬಾಕಿಯನ್ನು ದಡಾರವು ವಸೂಲು ಮಾಡಿತೆಂದರೆ ತಪ್ಪಾಗದು.

2021ರ ಮೇ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಎದುರು, ಅಲ್ಲಿಯ ಆಮ್ಲಜನಕವನ್ನು ಬಳಸಿಕೊಂಡು 1000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯು ಎದ್ದಿತು. ಮೂರನೆಯ ಅಲೆಯು ಮಕ್ಕಳನ್ನೇ ಹಿಡಿಯುವುದೆಂಬ ಭಯದಿಂದ ರಾಜ್ಯದಲ್ಲೆಲ್ಲ ಮಕ್ಕಳ ತೀವ್ರನಿಗಾ ಘಟಕಗಳಿಗೆ ಸಿದ್ಧತೆಯಾಯಿತು. 2022ರ ಜನವರಿಯಲ್ಲಿ ಆ ಅಲೆಯು ಬಂದಾಗ ಭಯಪಟ್ಟಂತೆ ನಡೆಯಲಿಲ್ಲ. ಈ ಸಿದ್ಧತೆಗಳನ್ನು ವ್ಯರ್ಥವೆಂದು ಹೇಳಲಾಗದು, ಅವು ಸ್ತುತ್ಯವಾದುವೇ. ಆದರೆ ಹಾಸಿಗೆಯನ್ನು ಎಣಿಸುವುದು ಸುಲಭ, ತಪ್ಪಿಹೋದ ಚುಚ್ಚುಮದ್ದನ್ನು ಎಣಿಸುವುದು ಕಷ್ಟ. ಎರಡನೆಯ ಕೆಲಸವನ್ನು ಮಾಡಬೇಕಾದವಳು ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಬಾಗಿಲು ಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆ. ಆಕೆಯ ಸಂಬಳ, ಆಕೆಯ ರಕ್ಷಣೆ, ಆಕೆಯ ಮಾತಿಗಿರುವ ಬೆಲೆ ಇವುಗಳ ಮೇಲೆ ಮುಂದಿನ ಮಹಾಮಾರಿಯಲ್ಲಿ ನಮ್ಮ ಮಕ್ಕಳ ಗತಿಯು ನಿಂತಿದೆ.

ಆದುದರಿಂದ ಸುಶಿಕ್ಷಿತರಾದ ಗೃಹಸ್ಥರು ಮಾಡಬೇಕಾದುದು ಬಹಳವೇನೂ ಇಲ್ಲ. ತಮ್ಮ ಮನೆಯ ಮಕ್ಕಳ ಕಾರ್ಡುಗಳನ್ನು ಜೋಪಾನವಾಗಿಡಲಿ. ಮನೆಗೆಲಸಕ್ಕೆ ಬರುವವಳ ಮಗುವಿಗೂ ಕಾರ್ಡುಂಟೇ, ಅದರಲ್ಲಿ ಬರೆದ ಚುಚ್ಚುಮದ್ದುಗಳೆಲ್ಲ ಆಗಿವೆಯೇ ಎಂದು ಒಂದು ಮಾತು ಕೇಳಲಿ. ರೋಗದ ಕಾಲದಲ್ಲಿ ದೊರೆಗಳು ಬಾಗಿಲುಗಳನ್ನು ಮುಚ್ಚಿಸಬಹುದು, ಮುಚ್ಚಿಸಲೂ ಬೇಕಾಗಬಹುದು. ಆಗ ತಾಯಿಯೂ ಮಗುವೂ ಬಾಗಿಲಿನ ಒಂದೇ ಪಕ್ಕದಲ್ಲಿರುವಂತೆ ನೋಡಿಕೊಳ್ಳುವುದೇ ವೈದ್ಯರ ಧರ್ಮ, ಆಳುವವರ ಧರ್ಮ.